ಸಹಿ ಇದ್ದರೆ ಸಾಕೇ?

ನಿಮ್ಮ ಮನೆಯ ನಡುಮನೆಯ ಗೋಡೆಯನ್ನೊಮ್ಮೆ ತಲೆಯೆತ್ತಿ ನೋಡಿ. ಕಟ್ಟು ಹಾಕಿಸಿದ ಹಳೆಯ ಪಟ ಯಾವುದಾದರೂ ಇದೆಯೇ? ಕಮಲದ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ, ಇಲ್ಲವೇ ಸೆರಗು ಸರಿಪಡಿಸಿಕೊಳ್ಳುತ್ತಿರುವ ಒಬ್ಬ ಚೆಲುವೆ? ಇದ್ದರೆ ಕುರ್ಚಿ ಹಾಕಿಕೊಂಡು ಹತ್ತಿ ಕೆಳಮೂಲೆ ನೋಡಿ. ಇಂಗ್ಲಿಷ್ ಅಕ್ಷರದಲ್ಲಿ ರವಿವರ್ಮ ಅಂತ ಸಹಿ ಇರಲೂಬಹುದು. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ತವರಿನಲ್ಲೋ, ಅತ್ತೆಯವರ ತವರಿನಲ್ಲೋ ಒಂದಾದರೂ ಸಿಕ್ಕೇ ಸಿಗುತ್ತೆ.

ಆ ಸಹಿ ಕಂಡ ಕೂಡಲೇ ಮನೆಯಲ್ಲಿ ಏನೇನಾಗುತ್ತದೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಸಹಿ ಇಷ್ಟೊಂದು ಮನೆಗಳಿಗೆ ಹೇಗೆ ಬಂತು ಅಂತ ತಿಳಿದುಕೊಳ್ಳೋಣ.

ರಾಜಾ ರವಿವರ್ಮ ಹುಟ್ಟಿದ್ದು 1848ರಲ್ಲಿ, ಕೇರಳದ ಕಿಳಿಮಾನೂರಿನಲ್ಲಿ. ತೀರಿಕೊಂಡದ್ದು 1906ರಲ್ಲಿ. ಎಣ್ಣೆಬಣ್ಣದಲ್ಲಿ ನಮ್ಮ ದೇವಾನುದೇವತೆಗಳನ್ನು, ಪುರಾಣದ ಹೆಂಗಸರನ್ನು ಪಕ್ಕದ ಮನೆಯವರ ಹಾಗೆ ಸೀರೆ ಉಡಿಸಿ, ಒಡವೆ ತೊಡಿಸಿ ಬರೆದವರು. ಬರೋಡೆಯ ಅರಸರು, ನಮ್ಮ ಮೈಸೂರಿನ ಅರಸರು ಅವರಿಂದ ಚಿತ್ರ ಬರೆಸಿದರು. ಆದರೆ ಅರಮನೆಯ ಚಿತ್ರ ನಮ್ಮ ನಿಮ್ಮಂಥವರ ಅಡಿಗೆಮನೆ ಪಕ್ಕದ ಗೋಡೆಗೆ ಬಂದದ್ದು ಅಚ್ಚಿನ ಮೂಲಕ. 1894ರಲ್ಲಿ ಅವರು ಮುಂಬಯಿಯಲ್ಲಿ ಕಲ್ಲಚ್ಚಿನ ಕಾರ್ಖಾನೆ ತೆರೆದರು. ಮುಂದೆ ಅದು ಲೋಣಾವಳ ಹತ್ತಿರದ ಮಳವಳಿಗೆ ಹೋಯಿತು (ನಮ್ಮ ಮಂಡ್ಯದ ಮಳವಳ್ಳಿ ಅಲ್ಲ, ಹೆಸರು ಹಾಗೇ ಕೇಳಿಸುತ್ತದೆ ಅಷ್ಟೆ!). ಅಲ್ಲಿಂದ ಫ್ರಿಟ್ಜ್ ಷ್ಲೈಶರ್ ಎಂಬ ಜರ್ಮನ್ ತಜ್ಞರ ಕೈಗೆ ಹೋಯಿತು. ರವಿವರ್ಮರು ತೀರಿಕೊಂಡ ಮೇಲೂ ಅಚ್ಚು ನಿಲ್ಲಲಿಲ್ಲ. ಬೇರೆ ಕಲಾವಿದರು ಬರೆದ ಚಿತ್ರಗಳೂ ಅದೇ ಕಾರ್ಖಾನೆಯಿಂದ ಹೊರಬಿದ್ದವು. ಕೊನೆಗೆ 1972ರಲ್ಲಿ ಬೆಂಕಿ ಬಿದ್ದು ಅದು ಸುಟ್ಟುಹೋಯಿತು.

ಹೀಗಾಗಿ ಸಹಿ ಇರುವ ಪಟಗಳಲ್ಲಿ ಬಹುಪಾಲು ಅಚ್ಚಾದದ್ದು. ಅಚ್ಚಿನ ಕಲ್ಲಿನಲ್ಲೇ ಸಹಿಯೂ ಕೂಡಿಕೊಂಡಿರುತ್ತದೆ. ಇದು ಮೋಸವಲ್ಲ, ನೋಟಿನ ಮೇಲೆ ಗವರ್ನರರ ಸಹಿ ಅಚ್ಚಾಗಿರುವ ಹಾಗೆ. ಆದರೆ ಅದನ್ನೇ ಕೈಯಲ್ಲಿ ಬರೆದ ಮೂಲಚಿತ್ರ ಅಂತ ಮಾರಲು ಹೊರಟರೆ ಆಗ ಮೋಸ.

ಅಚ್ಚೋ, ಕೈಯಲ್ಲಿ ಬರೆದದ್ದೋ ಅಂತ ತಿಳಿಯಲು ದೊಡ್ಡ ವಿದ್ಯೆ ಬೇಡ. ಮಕ್ಕಳ ಜ್ಯಾಮಿಟ್ರಿ ಪೆಟ್ಟಿಗೆಯ ಪಕ್ಕದಲ್ಲೋ, ಮಾವನವರ ಪಂಚಾಂಗದ ಜೊತೆಯಲ್ಲೋ ಒಂದು ಭೂತಗನ್ನಡಿ ಇರುತ್ತಲ್ಲ, ಅದನ್ನು ತೆಗೆದುಕೊಳ್ಳಿ. ಬೆಳಿಗ್ಗೆ ಹೊತ್ತು ಕಿಟಕಿಯ ಬೆಳಕಿನಲ್ಲಿ ದೇವಿಯ ಕೆನ್ನೆ ನೋಡಿ, ಕೈಬೆರಳು ನೋಡಿ. ಹಳೆಯ ಕಲ್ಲಚ್ಚಾದರೆ ಸಣ್ಣ ರವೆ ಚೆಲ್ಲಿದ ಹಾಗೆ ಬಣ್ಣದ ಚುಕ್ಕಿಗಳು ಕಾಣುತ್ತವೆ. ಒಂದು ದೊಡ್ಡ, ಒಂದು ಚಿಕ್ಕ, ಸಾಲಿಲ್ಲ ಸರಿಯಿಲ್ಲ. ಈಚಿನ ಕ್ಯಾಲೆಂಡರ್ ಅಚ್ಚಾದರೆ ಚುಕ್ಕಿಗಳು ರಂಗೋಲಿಗೆ ಇಟ್ಟ ಹಾಗೆ ಅಳತೆಯಲ್ಲಿ ಸಾಲಾಗಿರುತ್ತವೆ. ಕೈಯಲ್ಲಿ ಬರೆದದ್ದಾದರೆ ಚುಕ್ಕಿಯೇ ಇರದು, ಕುಂಚ ಹೋದ ಜಾಡು ಇರುತ್ತದೆ. ಪಟದ ಕೆಳ ಅಂಚಿನಲ್ಲಿ ಕಾರ್ಖಾನೆಯ ಹೆಸರು ಅಚ್ಚಾಗಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಆದರೆ ಕಟ್ಟು ಹಾಕುವವನು ಆ ಅಂಚನ್ನು ಕತ್ತರಿಸಿರಬಹುದು, ಇಲ್ಲವೇ ಚೌಕಟ್ಟಿನೊಳಗೆ ಮುಚ್ಚಿರಬಹುದು.

ಒಂದು ಎಚ್ಚರ. ಆ ಕಾಲದ ಕೆಲವು ಅಚ್ಚುಗಳಿಗೆ ವಾರ್ನಿಷ್ ಬಳಿದು, ಬಟ್ಟೆಯ ನೇಯ್ಗೆಯಂತೆ ಉಬ್ಬುತಗ್ಗು ಒತ್ತುತ್ತಿದ್ದರು. ಅವಕ್ಕೇ ಓಲಿಯೋಗ್ರಾಫ್ ಅನ್ನುವುದು. ಬೆರಳಾಡಿಸಿದರೆ ಕ್ಯಾನ್ವಾಸ್ ಅಂತಲೇ ಅನ್ನಿಸುತ್ತೆ. ಬೆರಳನ್ನು ನಂಬಬೇಡಿ, ಕಣ್ಣನ್ನು ನಂಬಿ.

ಅಚ್ಚು ಅಂತ ಗೊತ್ತಾದರೆ ಮುಖ ಸಣ್ಣದು ಮಾಡಿಕೊಳ್ಳಬೇಡಿ. ಹಳೆಯ ಕಲ್ಲಚ್ಚುಗಳನ್ನೂ ಆಸೆಪಟ್ಟು ಕೊಳ್ಳುವವರಿದ್ದಾರೆ. ಅದರಲ್ಲೂ ನಮ್ಮ ಅಜ್ಜಿಯಂದಿರು ಆ ಪಟಗಳಿಗೆ ಜರಿ, ಚಮಕಿ, ಮಣಿ, ಬಟ್ಟೆ ತುಂಡು ಹೊಲಿದು, ಅಂಟಿಸಿ ಸೀರೆ ಉಡಿಸುತ್ತಿದ್ದರಲ್ಲ, ಅಂಥದ್ದಿದ್ದರೆ ದಯವಿಟ್ಟು ಹಳೆಯದಾಯಿತು ಅಂತ ಕಿತ್ತುಹಾಕಬೇಡಿ. ಚಿತ್ರ ಲೋಣಾವಳದ್ದಾದರೂ ಆ ಕಸೂತಿ ನಿಮ್ಮ ಮನೆಯದು. ನನ್ನನ್ನು ಕೇಳಿದರೆ, ಸಹಿ ಹಾಕದ ಆ ಹೆಂಗಸರ ಕೈಕೆಲಸಕ್ಕೆ ಇನ್ನೂ ಸಲ್ಲಬೇಕಾದ ಗೌರವ ಸಂದಿಲ್ಲ.

ಈಗ ನಮ್ಮ ಸೋದರತ್ತೆಯ ಮನೆಯ ಸಂಗತಿಗೆ ಬರುತ್ತೇನೆ. ಅತ್ತೆಗೆ ಮೂವರು ಗಂಡುಮಕ್ಕಳು, ಒಬ್ಬಳು ಮಗಳು. ಮಾವ ತೀರಿಕೊಂಡು ಎರಡು ವರ್ಷದ ಮೇಲೆ ಮನೆ ಪಾಲಾಗುವ ಮಾತು ಬಂತು. ಹಳೆಯ ಕಾಲದ ಹಾಗೆ ಹೆಣ್ಣುಮಗಳಿಗೆ ಅರಿಶಿನ ಕುಂಕುಮ ಕೊಟ್ಟು ಕಳಿಸುವ ಹಾಗಿಲ್ಲ. 2005ರ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಅದು ಭಾವಂದಿರಿಗೂ ಗೊತ್ತು. ದೊಡ್ಡ ಭಾವ ಒಂದು ದಾರಿ ಹುಡುಕಿದರು. ಅತ್ತೆಯ ಮನೆಯ ನಡುಮನೆಯಲ್ಲಿ ಒಂದು ಎಣ್ಣೆಬಣ್ಣದ ಚಿತ್ರವಿದೆ. ಹಸಿರು ಸೀರೆ ಉಟ್ಟ ಹೆಂಗಸೊಬ್ಬಳು ಕಿಟಕಿಯ ಪಕ್ಕ ಕೂತು ವೀಣೆಯ ತಂತಿ ಬಿಗಿಮಾಡುತ್ತಿರುವುದು. ಬಲಮೂಲೆಯಲ್ಲಿ ಕೆಂಪು ಬಣ್ಣದಲ್ಲಿ ಸಹಿ. “ಇದು ರವಿವರ್ಮನ ಸ್ವಂತ ಕೈದು. ಪೇಪರಿನಲ್ಲಿ ನೋಡಿಲ್ಲವೇ, ಕೋಟಿಗಟ್ಟಲೆ ಹೋಗುತ್ತೆ. ನಾವು ಮೂವತ್ತು ಲಕ್ಷ ಅಂತ ಇಟ್ಟುಕೊಳ್ಳೋಣ. ಚಿತ್ರ ಅವಳು ತಗೊಳ್ಳಲಿ, ಮನೆ ನಾವು ಮೂವರು ಹಂಚಿಕೊಳ್ತೀವಿ” ಅಂದರು. ಕೇಳಲು ಎಷ್ಟು ಚೆಂದ ನೋಡಿ! ಅಣ್ಣ ತಂಗಿಗೆ ಕೋಟಿ ಬಾಳುವುದನ್ನು ಮೂವತ್ತು ಲಕ್ಷಕ್ಕೆ ಕೊಡುತ್ತಿದ್ದಾನೆ. ಅತ್ತೆಯೂ ತಲೆಯಾಡಿಸಿದರು.

ಮಗಳು ನನಗೆ ಫೋನ್ ಮಾಡಿದಳು. “ಅಕ್ಕ, ಎಲ್ಲರೂ ಸಹಿ ಹಾಕು ಅಂತಿದಾರೆ. ನನ್ನ ಮಗನ ಕಾಲೇಜಿನ ಫೀಸಿಗೆ ಈ ಚಿತ್ರ ಕೊಟ್ಟರೆ ತಗೊಳ್ತಾರಾ?” ಅಂದಳು. ನಾನು ಹೈಸ್ಕೂಲಿನವರೆಗೆ ಓದಿದವಳು, ಚಿತ್ರಕಲೆಯಲ್ಲಿ ರಂಗೋಲಿ ದಾಟಿ ಹೋದವಳಲ್ಲ. ಆದರೆ ತೂಕ ಹಾಕಿಸದೆ ಚಿನ್ನ ತೆಗೆದುಕೊಳ್ಳುವ ಹೆಂಗಸು ಎಲ್ಲಾದರೂ ಇದ್ದಾಳೆಯೇ? ಪಾಲುಪತ್ರಕ್ಕೆ ಸಹಿ ಹಾಕುವ ಮೊದಲು ಚಿತ್ರದ ಸಹಿ ತೋರಿಸೋಣ ಅಂದೆ.

ಮೊದಲು ನೋಡಿದವರು ನಮ್ಮ ಬೀದಿಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರು ಮುಂಭಾಗ ನೋಡುವುದಕ್ಕಿಂತ ಹೆಚ್ಚು ಹೊತ್ತು ಹಿಂಭಾಗ ನೋಡಿದರು! ಪಟದ ಜಾತಕ ಇರುವುದು ಬೆನ್ನಿನಲ್ಲಿ ಅಂತ ಅವರ ಮಾತು. ಕ್ಯಾನ್ವಾಸ್ ಬಟ್ಟೆ ಕಂದಿದೆಯೇ, ಮರದ ಚೌಕಕ್ಕೆ ಮೊಳೆ ಹೊಡೆದಿದ್ದಾರೋ ಪಿನ್ನು ಹೊಡೆದಿದ್ದಾರೋ, ಮೊಳೆಯ ಸುತ್ತ ತುಕ್ಕು ಬಟ್ಟೆಗೆ ಇಳಿದಿದೆಯೇ, ಬಣ್ಣದಂಗಡಿಯ ಮುದ್ರೆ ಇದೆಯೇ, ಹಳೆಯ ಚೀಟಿ ಅಂಟಿದೆಯೇ. ಅತ್ತೆಯ ಮನೆಯ ಚಿತ್ರದ ಬೆನ್ನಿಗೆ ಕಟ್ಟು ಹಾಕಿದ ಅಂಗಡಿಯ ಚೀಟಿ ಅರ್ಧ ಉಳಿದಿತ್ತು. ದೊಡ್ಡ ಭಾವ ಅದನ್ನೇ ಸಾಕ್ಷಿ ಅಂದರು. ಮೇಷ್ಟ್ರು ನಕ್ಕು, “ಚೀಟಿ ಹೇಳೋದು ಕಟ್ಟಿನ ವಯಸ್ಸು ಸ್ವಾಮಿ, ಚಿತ್ರದ್ದಲ್ಲ. ಹಳೇ ಕಟ್ಟಿಗೆ ಹೊಸ ಚಿತ್ರ ಕೂರಿಸಬಹುದು, ಹಳೇ ಚಿತ್ರಕ್ಕೆ ಹೊಸ ಕಟ್ಟು ಹಾಕಬಹುದು” ಅಂದರು. ಬಟ್ಟೆ, ಮೊಳೆ ಎರಡೂ ಹಳೆಯವೇ, ಬರೆದದ್ದು ಕೈಯಿಂದಲೇ, ಅಚ್ಚಲ್ಲ ಅನ್ನುವುದೂ ನಿಜ. ಆದರೆ ಸಹಿಯ ಬಗ್ಗೆ ಮಾತ್ರ ಅವರು ಬಾಯಿ ಬಿಡಲಿಲ್ಲ. ಬಲ್ಲವರಿಗೆ ತೋರಿಸಿ ಅಂದರು.

ಚಿತ್ರಗಳ ದುರಸ್ತಿ, ಸಂರಕ್ಷಣೆ ಕಲಿತವರೊಬ್ಬರಿಗೆ ತೋರಿಸಿದೆವು. ಅವರು ಕೋಣೆ ಕತ್ತಲೆ ಮಾಡಿ ನೇರಳಾತೀತ ದೀಪ ಹಚ್ಚಿದರು. ಹಳೆಯ ರಾಳದ ವಾರ್ನಿಷ್ ಆ ಬೆಳಕಿಗೆ ಹಸಿರು ಮಂಜಿನಂತೆ ಮಿನುಗುತ್ತದೆ. ಅದರ ಮೇಲೆ ಆಮೇಲೆ ಯಾರಾದರೂ ಬಣ್ಣ ಹಚ್ಚಿದ್ದರೆ ಅಷ್ಟು ಜಾಗ ಕಪ್ಪಾಗಿ ಎದ್ದು ಕಾಣುತ್ತದೆ. ವೀಣೆಯವಳ ಮೈಯೆಲ್ಲ ಹಸಿರು ಮಂಜು. ಭುಜದ ಹತ್ತಿರ ಎರಡು ಕಡೆ ಕಪ್ಪು ಕಲೆ, ಅದು ಯಾವಾಗಲೋ ಮಾಡಿದ ತೇಪೆ. ಬಲಮೂಲೆಯಲ್ಲಿ ಸಹಿಯ ಒಂದೊಂದು ಅಕ್ಷರವೂ ಕಾಡಿಗೆಯಲ್ಲಿ ಬರೆದಂತೆ ಕಪ್ಪಗೆ ನಿಂತಿತ್ತು. ಯಾರೂ ಮಾತಾಡಲಿಲ್ಲ. ಅತ್ತೆಯ ಮಗಳು ನನ್ನ ಕೈ ಹಿಡಿದುಕೊಂಡಳು.

ಆಮೇಲೆ ದೀಪ ಹಾಕಿ ದೊಡ್ಡ ಮಸೂರದಲ್ಲಿ ತೋರಿಸಿದರು. ಹಳೆಯ ಎಣ್ಣೆಬಣ್ಣ ಒಣಗಿ, ಬೇಸಿಗೆ ಮಳೆಗಾಲ ಕಂಡು, ಕೆರೆಯಂಗಳದ ಮಣ್ಣಿನಂತೆ ಬಿರುಕು ಬಿಡುತ್ತದೆ. ಚಿತ್ರ ಬರೆದಾಗಲೇ ಹಾಕಿದ ಸಹಿಯಾದರೆ ಆ ಬಿರುಕು ಸಹಿಯನ್ನೂ ಸೀಳಿಕೊಂಡು ಹೋಗಬೇಕು. ಇಲ್ಲಿ ಕೆಂಪು ಬಣ್ಣವೇ ಬಿರುಕಿನೊಳಕ್ಕೆ ಇಳಿದಿತ್ತು. ಅಂದರೆ ಬಿರುಕು ಮೊದಲು, ಸಹಿ ಆಮೇಲೆ. ಇಷ್ಟು ನೋಡಿದ ಮೇಲೆ ದೊಡ್ಡ ಭಾವನಿಗೂ ಹೇಳಲು ಏನೂ ಉಳಿಯಲಿಲ್ಲ. ಯಾರು ಯಾವಾಗ ಆ ಅಕ್ಷರ ಬರೆದರೋ ಈಗ ಗೊತ್ತಾಗುವ ಹಾಗಿಲ್ಲ. ಭಾವ ಬೇಕಂತ ಮೋಸಮಾಡಿದರು ಅಂತ ನಾನು ಹೇಳಲಾರೆ. ಹುಟ್ಟಿದಾಗಿನಿಂದ ಆ ಸಹಿ ನೋಡಿಯೇ ಬೆಳೆದವರು.

ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ಸಹಿ ಸುಳ್ಳು ಅಂದಮಾತ್ರಕ್ಕೆ ಚಿತ್ರ ಕೆಟ್ಟದ್ದು ಅಂತಲ್ಲ, ಬರೆದವರು ಇಂಥವರಲ್ಲವೇ ಅಲ್ಲ ಅಂತಲೂ ಅಲ್ಲ. ಸಹಿಯಿಲ್ಲದ ಒಳ್ಳೆಯ ಚಿತ್ರಕ್ಕೆ ವ್ಯಾಪಾರಿಗಳು ದೊಡ್ಡ ಹೆಸರು ಅಂಟಿಸಿದ್ದುಂಟು. ರವಿವರ್ಮರ ವಿಷಯದಲ್ಲಂತೂ ಇನ್ನೂ ತೊಡಕು. ಅವರ ತಮ್ಮ ಸಿ. ರಾಜರಾಜವರ್ಮರು ಜೊತೆಗೇ ಇದ್ದು ಚಿತ್ರಗಳಲ್ಲಿ ಕೈಗೂಡಿಸುತ್ತಿದ್ದರು. ತಂಗಿ ಮಂಗಳಾಬಾಯಿಯವರೂ ಚಿತ್ರ ಬರೆಯುತ್ತಿದ್ದರು. ಅವರ ಚಿತ್ರಗಳನ್ನು ನೋಡಿ ನಕಲು ಮಾಡಿ ಕೈ ಪಳಗಿಸಿಕೊಂಡವರು ಊರೂರಿನಲ್ಲಿದ್ದರು. ಆದ್ದರಿಂದಲೇ ಹರಾಜಿನವರ ಪಟ್ಟಿಯಲ್ಲಿ ಒಂದೊಂದು ಮಾತಿಗೂ ಒಂದೊಂದು ತೂಕ. ‘ಇಂಥವರ ಚಿತ್ರ’ ಅಂದರೆ ಒಂದು. ‘ಇಂಥವರದೆಂದು ಹೇಳಲಾಗಿದೆ’ ಅಂದರೆ ಅವರಿಗೇ ಪೂರ್ತಿ ಧೈರ್ಯವಿಲ್ಲ. ‘ಇಂಥವರ ಬಳಗದ್ದು’, ‘ಇಂಥವರ ಚಿತ್ರದ ನಕಲು’ ಅಂತ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಜಾಣತನ ನೋಡಿ, ‘ಸಹಿ ಮಾಡಿದ್ದಾರೆ’ ಅನ್ನುವುದಕ್ಕೂ ‘ಸಹಿ ಇದೆ’ ಅನ್ನುವುದಕ್ಕೂ ಅಲ್ಲಿ ವ್ಯತ್ಯಾಸ! ‘ಸಹಿ ಇದೆ’ ಅಂದರೆ ಆ ಸಹಿ ಬೇರೆಯವರ ಕೈಯದಿರಬಹುದು ಅಂತ ಅರ್ಥ. ಒಂದು ಮೆಟ್ಟಿಲು ಇಳಿದರೆ ಬೆಲೆಯಲ್ಲಿ ಎಷ್ಟೋ ಸೊನ್ನೆ ಉದುರುತ್ತವೆ.

ಹೆಸರು ಅಂಟಿಕೊಳ್ಳಲು ಸಹಿಯೇ ಬೇಕೆಂದಿಲ್ಲ, ಜನರ ಬಾಯಿ ಸಾಕು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ನೀವೂ ನೋಡಿರುತ್ತೀರಿ. ಅಂಗೈ ಮರೆಯ ದೀಪದ ಬೆಳಕು ಮುಖಕ್ಕೆ ಬಿದ್ದಿರುವ ಆ ಚಿತ್ರ ರವಿವರ್ಮನದು ಅಂತ ಮಕ್ಕಳಿಗೆ ಹೇಳುತ್ತಾ ಹೋಗುವ ತಾಯಂದಿರನ್ನು ನಾನೇ ಕಂಡಿದ್ದೇನೆ. ಅದನ್ನು ಬರೆದವರು ಸಾವಂತವಾಡಿಯ ಎಸ್.ಎಲ್. ಹಳದಣಕರ್. ಬರೆದದ್ದು 1945-46ರ ಹೊತ್ತಿಗೆ, ರವಿವರ್ಮರು ತೀರಿಕೊಂಡು ಸುಮಾರು ನಲವತ್ತು ವರ್ಷದ ಮೇಲೆ. ಎಣ್ಣೆಬಣ್ಣವೂ ಅಲ್ಲ, ನೀರಿನ ಬಣ್ಣ. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಇಷ್ಟು ವಿವರ ಗೊತ್ತಿರುವ ಚಿತ್ರದ ಗತಿಯೇ ಹೀಗಾದರೆ, ಅತ್ತೆಯ ಮನೆಯ ವೀಣೆಯವಳ ಪಾಡೇನು?

ದೊಡ್ಡ ದೊಡ್ಡವರೂ ಈ ಬಲೆಗೆ ಬಿದ್ದಿದ್ದಾರೆ. 2011ರಲ್ಲಿ ಕೋಲ್ಕತ್ತದ ಸರ್ಕಾರಿ ಕಲಾ ಕಾಲೇಜಿನಲ್ಲಿ ರವೀಂದ್ರನಾಥ ಠಾಕೂರರವೆಂದು ಪ್ರದರ್ಶನಕ್ಕಿಟ್ಟ 20 ಚಿತ್ರಗಳು ನಕಲಿ ಅಂತ ಆಮೇಲೆ ತಜ್ಞರು ಹೇಳಿದರು. 2009ರಲ್ಲಿ ಚಿತ್ರಕಾರ ಎಸ್.ಎಚ್. ರಜಾ ಅವರು ದೆಹಲಿಯಲ್ಲಿ ತಮ್ಮದೇ ಚಿತ್ರಗಳ ಪ್ರದರ್ಶನಕ್ಕೆ ಹೋಗಿ ನೋಡಿದರೆ, ಗೋಡೆಯ ಮೇಲಿದ್ದವುಗಳಲ್ಲಿ ನಕಲಿಗಳೇ ಇದ್ದವು. ಪಾಪ, ಅವರು ಬದುಕಿದ್ದರು, ನನ್ನದಲ್ಲ ಅಂತ ಹೇಳಿದರು. ಸತ್ತವರು ಎದ್ದುಬಂದು ಹೇಳುತ್ತಾರೆಯೇ?

ಅಂಥಾ ಕಡೆ ಬಣ್ಣವೇ ಸಾಕ್ಷಿ ಹೇಳಬೇಕು. ಬಿಳಿಯ ಬಣ್ಣದಲ್ಲಿ ಹಲವು ಬಗೆ. ರವಿವರ್ಮರ ಕಾಲದಲ್ಲಿ ಇದ್ದದ್ದು ಸೀಸದ ಬಿಳಿ, ಸತುವಿನ ಬಿಳಿ. ಟೈಟಾನಿಯಂ ಬಿಳಿ ಅನ್ನುವುದು ಚಿತ್ರಕಾರರ ಕೈಗೆ ಬಂದದ್ದು 1920ರ ಆಚೀಚೆ. ಥ್ಯಾಲೋ ನೀಲಿ ಅನ್ನುವ ಗಾಢ ನೀಲಿ 1935ರಿಂದ ಈಚೆಗೆ. ಹಾಗಾಗಿ 1900ರ ಚಿತ್ರ ಅಂತ ಹೇಳಿ, ಅದರ ಸೆರಗಿನ ಬಿಳುಪಿನಲ್ಲಿ ಮೂಲದಿಂದಲೇ ಟೈಟಾನಿಯಂ ಸಿಕ್ಕರೆ ಹೇಳಿದ ಮಾತು ಬಿದ್ದುಹೋಯಿತು. ಚಿತ್ರಕ್ಕೆ ಗಾಯ ಮಾಡದೆ ಕ್ಷಕಿರಣದ ಯಂತ್ರದಿಂದಲೇ ಇದನ್ನು ಕಂಡುಹಿಡಿಯುತ್ತಾರೆ. ಆದರೆ ನೆನಪಿಡಿ, ಬಣ್ಣದ ಪರೀಕ್ಷೆ ‘ಅಲ್ಲ’ ಅಂತ ಖಂಡಿತವಾಗಿ ಹೇಳಬಲ್ಲದು. ‘ಹೌದು, ಇವರೇ ಬರೆದದ್ದು’ ಅಂತ ಹೇಳಲಾರದು. ಆ ಕಾಲದ ಬಣ್ಣ ಆ ಕಾಲದವರೆಲ್ಲರಿಗೂ ಸಿಗುತ್ತಿತ್ತಲ್ಲ!

‘ಹೌದು’ ಅನ್ನಿಸಿಕೊಳ್ಳಲು ಬೇಕಾದದ್ದು ಕಾಗದಪತ್ರ. ಯಾರು ಕೊಂಡರು, ಯಾರಿಂದ, ಯಾವ ವರ್ಷ, ಆಮೇಲೆ ಯಾರ ಕೈಗೆ ಬಂತು. ಹಳೆಯ ರಸೀದಿ, ಕಾಗದ, ಲೆಕ್ಕದ ಪುಸ್ತಕ, ಮದುವೆಯ ಫೋಟೋದ ಹಿನ್ನೆಲೆಯಲ್ಲಿ ಗೋಡೆಯ ಮೇಲೆ ಕಾಣುವ ಅದೇ ಚಿತ್ರ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಮನೆ ಸ್ವಚ್ಛ ಮಾಡುವಾಗ ಹಳೆಯ ಟ್ರಂಕಿನ ಕಾಗದಗಳನ್ನು ರದ್ದಿಗೆ ಹಾಕುವ ಮುಂಚೆ ಒಮ್ಮೆ ಓದಿ ನೋಡಿ. ಅತ್ತೆಯ ಮನೆಯಲ್ಲಿ ಸಿಕ್ಕಿದ್ದು 1958ರ ಒಂದು ಮದುವೆ ಫೋಟೋ. ಮಂಟಪದ ಹಿಂದೆ ವೀಣೆಯವಳು ಕಾಣುತ್ತಾಳೆ. ಸಹಿಯ ಮೂಲೆಗೆ ಅಡ್ಡವಾಗಿ ಬಾಳೆಕಂಬ ಕಟ್ಟಿದ್ದಾರೆ!

ನಮ್ಮ ಮೈಸೂರು ಶೈಲಿಯ ಚಿನ್ನದ ರೇಕಿನ ಪಟಗಳಿರುವವರಿಗೂ ಒಂದು ಮಾತು. ಆ ಹಳೆಯ ಚಿತ್ರಗಾರರು ಸಾಮಾನ್ಯವಾಗಿ ಹೆಸರು ಬರೆಯುತ್ತಲೇ ಇರಲಿಲ್ಲ. ಅಂಥ ಪಟದ ಮೇಲೆ ಠಾಕುಠೀಕಾದ ಇಂಗ್ಲಿಷ್ ಸಹಿ ಕಂಡರೆ ಹಿಗ್ಗುವ ಬದಲು ಅನುಮಾನ ಪಡಿ.

ಕಾನೂನನ್ನೂ ತಿಳಿದಿರಬೇಕು. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಚಿತ್ರ ಪುರಾತನ ವಸ್ತು, ಹೊರದೇಶಕ್ಕೆ ಸಾಗಿಸುವ ಹಾಗಿಲ್ಲ. ರವಿವರ್ಮರ ಚಿತ್ರಗಳನ್ನು ಸರ್ಕಾರ 1979ರಲ್ಲಿ ಕಲಾನಿಧಿ ಅಂತ ಸಾರಿದೆ. ದೇಶದೊಳಗೆ ಮಾರಬಹುದು. “ಅಮೆರಿಕದಲ್ಲಿ ಗಿರಾಕಿ ಇದ್ದಾನೆ, ನಾನು ಹೇಗೋ ಕಳಿಸ್ತೀನಿ” ಅಂತ ಬರುವವನನ್ನು ಕಾಫಿ ಕೂಡ ಕೊಡದೆ ಕಳಿಸಿ.

ಪರೀಕ್ಷೆ ಮಾಡಿಸುವುದಾದರೆ ಕೊಳ್ಳಲು ಬಂದವನ ಕೈಯಲ್ಲೇ ಬೆಲೆ ಕಟ್ಟಿಸಬೇಡಿ. ಹಳ್ಳಿಹಳ್ಳಿ ತಿರುಗುವ ವ್ಯಾಪಾರಿ “ಇದೇನಮ್ಮ, ಕ್ಯಾಲೆಂಡರು, ಐನೂರು ಕೊಡ್ತೀನಿ” ಅನ್ನುತ್ತಾನೆ. ಮಾರಲು ಬಂದವನು ಅದನ್ನೇ ಐದು ಲಕ್ಷ ಅನ್ನುತ್ತಾನೆ. ಸರ್ಟಿಫಿಕೇಟು ಬರೆದುಕೊಡುವವನೂ ಚಿತ್ರ ಮಾರುವವನೂ ಒಬ್ಬನೇ ಆದರೆ ಆ ಸರ್ಟಿಫಿಕೇಟಿನಲ್ಲಿ ಒಗ್ಗರಣೆ ಪೊಟ್ಟಣ ಕಟ್ಟಬಹುದು. ಚಿತ್ರದ ಮುಂಭಾಗ, ಬೆನ್ನು, ಸಹಿ, ನಾಲ್ಕೂ ಮೂಲೆಯ ಫೋಟೋ ತೆಗೆದು ಮೊದಲು ಅದನ್ನು ತೋರಿಸಿ. ಚಿತ್ರ ಕೈಬಿಟ್ಟು ಕೊಡಲೇಬೇಕಾದರೆ ಅಳತೆ ಬರೆಸಿ ರಸೀದಿ ತೆಗೆದುಕೊಳ್ಳಿ. ಮೈಸೂರಿನಲ್ಲಿ ಲಖನೌದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾಲಯದ ಪ್ರಾದೇಶಿಕ ಪ್ರಯೋಗಾಲಯವಿದೆ. ಚಿತ್ರದ ಆರೋಗ್ಯದ ವಿಷಯಕ್ಕೆ ಇಂಥ ಕಡೆ ವಿಚಾರಿಸಬಹುದು. ಬೆಲೆ ಹೇಳುವುದು ಬೇರೆಯವರ ಕೆಲಸ.

ಅತ್ತೆಯ ಮನೆಯ ಪಾಲು ಹೇಗಾಯಿತು ಅಂತ ಕೇಳುತ್ತೀರಿ. ಚಿತ್ರವನ್ನು ಪಾಲಿನ ಲೆಕ್ಕದಿಂದ ಪೂರ್ತಿ ಹೊರಗಿಟ್ಟು, ಮನೆಯನ್ನು ನಾಲ್ಕು ಸಮಪಾಲು ಮಾಡಿ ಬರೆಸಿದರು. ಸಣ್ಣ ಭಾವ ತಂಗಿಯ ಪಾಲಿನ ಹಣ ಮೂರು ಕಂತಿನಲ್ಲಿ ಕೊಡುತ್ತೇನೆ ಅಂತ ಒಪ್ಪಿದರು. ಎರಡು ಕಂತು ಬಂದಿದೆ. ದೊಡ್ಡ ಭಾವ ಆರು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ, ಈಚೆಗೆ ಗೌರಿಹಬ್ಬಕ್ಕೆ ಫೋನ್ ಮಾಡಿದ್ದರು. ಚಿತ್ರ ಅತ್ತೆಯ ಹತ್ತಿರವೇ ಇದೆ. ಆ ಸಹಿಯನ್ನು ಅಳಿಸಿಬಿಡಲೇ ಅಂತ ಸಂರಕ್ಷಣೆಯವರು ಕೇಳಿದ್ದಕ್ಕೆ ಅತ್ತೆ, “ಬೇಡಪ್ಪ, ನಿಮ್ಮ ಮಾವ ದಿನಾ ಅದನ್ನು ತೋರಿಸಿ ಬಂದವರಿಗೆಲ್ಲ ಹೇಳೋರು, ಇದ್ದುಕೊಂಡು ಹೋಗಲಿ” ಅಂದರು. ಬೆನ್ನಿಗೆ ಮಾತ್ರ ಪರೀಕ್ಷೆಯ ವಿವರ ಬರೆದ ಹಾಳೆಯನ್ನು ಲಕೋಟೆಯಲ್ಲಿಟ್ಟು ಕಟ್ಟಿಸಿದ್ದೇವೆ, ಮುಂದೆ ಮೊಮ್ಮಕ್ಕಳು ಮತ್ತೆ ಜಗಳವಾಡದಿರಲಿ ಅಂತ.

ನಿಮ್ಮ ಮನೆಯ ಪಟ ಯಾರದೇ ಇರಲಿ, ಅದನ್ನು ಕಾಪಾಡುವ ಕೆಲಸ ನಿಮ್ಮ ಕೈಯಲ್ಲಿದೆ. ಹಬ್ಬದ ಮುಂಚೆ ಒದ್ದೆ ಬಟ್ಟೆಯಿಂದ ಒರೆಸುವುದು, ಈರುಳ್ಳಿ, ಆಲೂಗೆಡ್ಡೆ, ಬ್ರೆಡ್ಡು ಉಜ್ಜುವುದು, ಹೊಳಪಿಗೆ ಕೊಬ್ಬರಿ ಎಣ್ಣೆ ಸವರುವುದು ಖಂಡಿತ ಬೇಡ. ಮೆತ್ತನೆಯ ಒಣ ಕುಂಚದಿಂದ ಧೂಳು ಕೊಡವಿದರೆ ಸಾಕು. ಬಣ್ಣ ಸಿಪ್ಪೆ ಏಳುತ್ತಿದ್ದರೆ ಅದನ್ನೂ ಮಾಡಬೇಡಿ. ಸ್ನಾನದ ಮನೆಯ ಗೋಡೆಗೆ, ಮಳೆಗಾಲದಲ್ಲಿ ತೇವ ಇಳಿಯುವ ಗೋಡೆಗೆ ತೂಗುಹಾಕಬೇಡಿ. ದೇವರ ಪಟವಾದರೆ ದೀಪವನ್ನು ಎರಡು ಅಡಿ ಮುಂದಕ್ಕೆ ಇಡಿ, ಮಸಿ ಹಿಡಿಯುವುದು ತಪ್ಪುತ್ತದೆ. ಕುಂಕುಮವನ್ನು ಗಾಜಿನ ಮೇಲೆ ಹಚ್ಚಿ, ಚಿತ್ರದ ಮೇಲಲ್ಲ. ಗಾಜು ಚಿತ್ರಕ್ಕೆ ಅಂಟಿಕೊಂಡಿದ್ದರೆ ನೀವೇ ಕೀಳಲು ಹೋಗದೆ ಬಲ್ಲವರಿಗೆ ತೋರಿಸಿ. ಕಟ್ಟು ಬದಲಾಯಿಸಿದರೆ ಹಳೆಯ ಚೀಟಿ, ಹಳೆಯ ಮೊಳೆ, ಬೆನ್ನಿನ ಹಲಗೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಕೇಳಿ ಇಸಿದುಕೊಂಡು ಬನ್ನಿ. ಅಂಗಡಿಯವನು ನಗುತ್ತಾನೆ, ನಗಲಿ ಬಿಡಿ.